ನನ್ನ ವಸಡನ್ನು ಕತ್ತರಿಸುತ್ತಿರುವ ಕತ್ತರಿ ಯಾರದ್ದು?

ಪ್ರಶ್ನೆ: ನನಗೆ 47 ವರ್ಷ. ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ ಇದೆ. ಆರು ವರ್ಷದಿಂದ ಶುಗರ್ ಇದೆ, ಮಾತ್ರೆ ತಗೊಳ್ತಿದ್ದೇನೆ. ಹೋದ ತಿಂಗಳು, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 8.6 ಬಂತು. ಮೂರು ವರ್ಷದಿಂದ ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತದೆ. ನೋವಿರಲಿಲ್ಲ, ಅದಕ್ಕೆ ಸುಮ್ಮನಿದ್ದೆ. ಈಗ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಸಂದು ಬಿಟ್ಟಿದೆ. ಬಾಯಿ ವಾಸನೆ ಬರುತ್ತದೆ ಅಂತ ಮಗಳು ಹೇಳಿದ ಮೇಲೆ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಅವರು ಸಣ್ಣ ಕಡ್ಡಿ ಇಳಿಸಿ ಅಳೆದು ಕೆಲವು ಕಡೆ 5, 6, ಒಂದು ಕಡೆ 7 ಮಿಲಿಮೀಟರ್ ಅಂದರು. ‘ಎನ್‌ಜೈಮ್‌ಗಳು ನಿಮ್ಮ ವಸಡನ್ನು ಕರಗಿಸ್ತಿವೆ’ ಅಂದರು. ನಾಲ್ಕು ಸಲ ಬಂದು ಇಂಜೆಕ್ಷನ್ ಕೊಟ್ಟು ಒಳಗಿನ ಕ್ಲೀನಿಂಗ್ ಮಾಡಿಸಬೇಕು, ಜೊತೆಗೆ ಡಾಕ್ಸಿಸೈಕ್ಲಿನ್ 20 ಎಂ.ಜಿ. ದಿನಕ್ಕೆರಡು, ಮೂರು ತಿಂಗಳು ಅಂತ ಬರೆದುಕೊಟ್ಟಿದ್ದಾರೆ. ಹೋದ ವರ್ಷ ದವಡೆ ಹಲ್ಲು ಕೀಳಿಸಿದಾಗ ಊತಕ್ಕೆ ಐದು ದಿನ ‘ಎನ್‌ಜೈಮ್ ಮಾತ್ರೆ’ ನುಂಗಿದ್ದೆ. ಅದರಿಂದಲೇ ಹೀಗಾಯಿತಾ? ಮೂರು ತಿಂಗಳು ಆಂಟಿಬಯೋಟಿಕ್ ತಗೊಂಡರೆ ಕಿಡ್ನಿಗೆ ಏನಾದರೂ ಆಗುತ್ತಾ? ನನ್ನ ನಾದಿನಿಗೆ ಕ್ಲೀನಿಂಗ್ ಮಾಡಿಸಿದ ಮೇಲೇ ಹಲ್ಲು ಅಲ್ಲಾಡೋಕೆ ಶುರುವಾಯಿತು. ನಮ್ಮ ಅಮ್ಮನಿಗೆ ಐವತ್ತಕ್ಕೆಲ್ಲ ಹಲ್ಲು ಹೋಗಿದ್ದವು. ‘ನಿಮ್ಮ ವಂಶದಲ್ಲೇ ಇರೋದು ಇದು, ಎಲ್ಲಾ ಕೀಳಿಸಿ ಸೆಟ್ ಹಾಕಿಸಿಬಿಡು’ ಅಂತಾರೆ ಮನೆಯವರು. ಅತ್ತೆ ಪಟಿಕದ ಪುಡಿ, ಉಪ್ಪು ಹಾಕಿ ತಿಕ್ಕು ಅಂತಾರೆ. ಏನು ಮಾಡಲಿ ಡಾಕ್ಟ್ರೇ?

ಉತ್ತರ: ಮೊದಲು ನಿಮ್ಮ ಮನಸ್ಸಿನ ಒಂದು ಭಾರ ಇಳಿಸುತ್ತೇನೆ. ಹೋದ ವರ್ಷ ನುಂಗಿದ ಮಾತ್ರೆಗೂ ಈ ಕಾಯಿಲೆಗೂ ಸಂಬಂಧವಿಲ್ಲ. ರಕ್ತ ಬರೋಕೆ ಶುರುವಾಗಿ ಮೂರು ವರ್ಷವಾಯಿತು ಅಂತ ನೀವೇ ಬರೆದಿದ್ದೀರಿ. ಮಾತ್ರೆ ಬಂದದ್ದು ಆಮೇಲೆ.

ಹಲ್ಲು ಕಿತ್ತ ಮೇಲೆ ಊತಕ್ಕೆ ಅಂತ ಕೊಡುವ ಮಾತ್ರೆಯಲ್ಲಿ ಸಾಮಾನ್ಯವಾಗಿ ಇರುವುದು ಸೆರಾಶಿಯೋಪೆಪ್ಟಿಡೇಸ್ ಅಥವಾ ಟ್ರಿಪ್ಸಿನ್-ಕೈಮೋಟ್ರಿಪ್ಸಿನ್. ಸೆರಾಶಿಯೋಪೆಪ್ಟಿಡೇಸನ್ನು ಮೊದಲು ಪಡೆದದ್ದು ಜಪಾನಿನಲ್ಲಿ, ರೇಷ್ಮೆ ಹುಳುವಿನ ಕರುಳಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ. ಗೂಡಿನ ನಡುವೆಯೇ ಬದುಕುವ ನಿಮಗೆ ಇದನ್ನು ಹೇಳದೆ ಇರಲಾಗಲಿಲ್ಲ. ಅದು ಊತ ಇಳಿಸುತ್ತದೆ ಅನ್ನೋದಕ್ಕೇ ಗಟ್ಟಿ ಪುರಾವೆ ಇಲ್ಲ. 2011ರಲ್ಲಿ ಜಪಾನಿನ ತಯಾರಕರೇ ಅದನ್ನು ತಮ್ಮ ದೇಶದ ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಂಡರು. ನಾನಂತೂ ಬರೆದುಕೊಡುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಆದರೆ ಅದು ವಸಡು ಕರಗಿಸಲಿಲ್ಲ, ಅಷ್ಟು ಖಂಡಿತ. ಎನ್‌ಜೈಮ್, ಅಂದರೆ ಶಾಲೆಯಲ್ಲಿ ನಾವು ಓದಿದ ಕಿಣ್ವ, ಒಂದಲ್ಲ ಸಾವಿರಾರು. ಅನ್ನ ಅರಗಿಸುವ ಎಂಜಲಿನಲ್ಲೂ ಇದೆ, ಬಟ್ಟೆ ಒಗೆಯುವ ಪುಡಿಯಲ್ಲೂ ಇದೆ. ಪ್ರತಿಯೊಂದಕ್ಕೂ ಅದರದೇ ಕೆಲಸ.

ನಿಮ್ಮ ಡಾಕ್ಟರು ಹೇಳಿದ್ದು ಬೇರೆ ಎನ್‌ಜೈಮ್. ಅದು ನಿಮ್ಮ ದೇಹವೇ ತಯಾರಿಸುವಂಥದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಗೊತ್ತಾದರೆ ನೀವು ಕೇಳಿರುವ ಬಾಕಿ ಪ್ರಶ್ನೆಗಳಿಗೆಲ್ಲ ಅರ್ಧ ಉತ್ತರ ಸಿಕ್ಕಂತೆ.

ಹಲ್ಲು ಮೂಳೆಯೊಳಗೆ ಗೂಟ ಹೊಡೆದ ಹಾಗೆ ಕೂತಿಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ಜಾಗ ಇದೆ. ಆ ಜಾಗದ ತುಂಬ ಸಣ್ಣ ಸಣ್ಣ ನಾರುಗಳು. ಒಂದು ತುದಿ ಬೇರಿನಲ್ಲಿ, ಇನ್ನೊಂದು ತುದಿ ಮೂಳೆಯಲ್ಲಿ. ಹಲ್ಲು ಆ ನಾರುಗಳಲ್ಲಿ ತೂಗು ಹಾಕಿದಂತಿದೆ. ವಸಡು ಹಲ್ಲಿಗೆ ಬಿಗಿಯಾಗಿ ಅಪ್ಪಿಕೊಂಡಿರೋದೂ ಇಂಥ ನಾರುಗಳಿಂದಲೇ. ಅವೆಲ್ಲ ಕೊಲಾಜೆನ್ ಅನ್ನುವ ಪ್ರೋಟೀನ್. ಅದರ ರಚನೆ ನಿಮಗೆ ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ: ಮೂರು ಎಳೆ ಸೇರಿಸಿ ಹುರಿ ಮಾಡಿದ ದಾರ. ಹುರಿ ಎಷ್ಟು ಬಿಗಿ ಅಂದರೆ ದೇಹದ ಬಹುತೇಕ ಎನ್‌ಜೈಮ್‌ಗಳು ಅದಕ್ಕೆ ಹಲ್ಲು ಹಾಕಲಾರವು.

ಆ ಹುರಿಯನ್ನು ಕತ್ತರಿಸಬಲ್ಲ ಕೆಲವೇ ಕೆಲವು ಕತ್ತರಿಗಳಿವೆ. ಅವುಗಳ ಮನೆತನದ ಹೆಸರು ಮ್ಯಾಟ್ರಿಕ್ಸ್ ಮೆಟಲೋಪ್ರೋಟೀನೇಸ್, ಚಿಕ್ಕದಾಗಿ ಎಂಎಂಪಿ. ಮನುಷ್ಯರಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಗೆ ಇವೆ. ಇವುಗಳ ಅಲಗಿನ ಜಾಗದಲ್ಲಿ ಸತುವಿನ ಒಂದು ಪರಮಾಣು ಇರುತ್ತದೆ. ಅದಿಲ್ಲದಿದ್ದರೆ ಕತ್ತರಿ ಮೊಂಡು. ವಸಡಿನ ಕಾಯಿಲೆಯಲ್ಲಿ ಮುಖ್ಯ ಪಾತ್ರ ಎಂಎಂಪಿ-8 ಎಂಬುದರದ್ದು. ಅದು ಕೊಲಾಜೆನ್ ಹುರಿಯನ್ನು ಕಂಡಕಂಡಲ್ಲಿ ಕಚ್ಚುವುದಿಲ್ಲ. ಒಂದೇ ಒಂದು ನಿಗದಿತ ಜಾಗದಲ್ಲಿ, ಮುಕ್ಕಾಲು ಮತ್ತು ಕಾಲು ಭಾಗವಾಗುವಂತೆ ತುಂಡು ಮಾಡುತ್ತದೆ. ಅಷ್ಟು ಸಾಕು. ಮೈಯ ಬಿಸಿಗೇ ಆ ತುಂಡುಗಳ ಹುರಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಎಳೆಗಳನ್ನು ಎಂಎಂಪಿ-9ರಂಥ ಇನ್ನೊಂದು ಕತ್ತರಿ ಬಂದು ಪುಡಿ ಮಾಡುತ್ತದೆ.

ಇದನ್ನು ಕೇಳಿದರೆ ಭಯವಾಗುತ್ತದೆ, ಅಲ್ವಾ? ಆದರೆ ಈ ಕತ್ತರಿ ಶತ್ರುವಲ್ಲ. 1962ರಲ್ಲಿ ಅಮೆರಿಕದಲ್ಲಿ ಜೆರೋಮ್ ಗ್ರಾಸ್ ಮತ್ತು ಶಾರ್ಲ್ ಲಪಿಯೆರ್ ಎಂಬಿಬ್ಬರು ಇದನ್ನು ಮೊದಲು ಗುರುತಿಸಿದ್ದು ಎಲ್ಲಿ ಗೊತ್ತೇ? ಗೊದಮೊಟ್ಟೆಯ ಬಾಲದಲ್ಲಿ. ಗೊದಮೊಟ್ಟೆ ಕಪ್ಪೆಯಾಗುವಾಗ ಬಾಲ ಉದುರಿ ಬೀಳುವುದಿಲ್ಲ, ಒಳಗೊಳಗೇ ಕರಗಿ ಹೋಗುತ್ತದೆ. ಅದನ್ನು ಕರಗಿಸುವುದು ಇದೇ ಮನೆತನದ ಎನ್‌ಜೈಮ್. ನಮ್ಮಲ್ಲೂ ಗಾಯ ಮಾಯುವಾಗ, ಮಗುವಿನ ಹಲ್ಲು ಮೂಡುವಾಗ ಹಳೆಯ ನಾರನ್ನು ತೆಗೆದು ಹೊಸದಕ್ಕೆ ಜಾಗ ಮಾಡುವುದು ಇವೇ. ಹಲ್ಲಿನ ಸುತ್ತಲಿನ ನಾರುಗಳಂತೂ ದೇಹದಲ್ಲೇ ಅತಿ ಬೇಗ ಹೊಸದಾಗುತ್ತಿರುವ ನಾರುಗಳು. ಒಂದು ಕಡೆ ಕತ್ತರಿಸುವುದು, ಇನ್ನೊಂದು ಕಡೆ ನೇಯುವುದು, ದಿನವೂ ನಡೆದೇ ಇರುತ್ತದೆ. ಕತ್ತರಿ ಹೆಚ್ಚಾಗದಂತೆ ಹಿಡಿಯುವ ಪ್ರೋಟೀನ್‌ಗಳೂ ಇವೆ, ಅವಕ್ಕೆ ಟಿಂಪ್ ಅಂತ ಹೆಸರು. ಆರೋಗ್ಯವಂತ ವಸಡು ಅಂದರೆ ಈ ತಕ್ಕಡಿ ಸಮವಾಗಿದೆ ಅಂತ.

ತಕ್ಕಡಿ ವಾಲುವುದು ಹಲ್ಲಿನ ಬುಡದಲ್ಲಿ ಪಾಚಿ ಕೂತಾಗ. ಉಗುರಲ್ಲಿ ಕೆರೆದರೆ ಬಿಳಿಯ ಬೆಣ್ಣೆಯಂತೆ ಬರುತ್ತದಲ್ಲ, ಅದು. ಅದು ಅನ್ನದ ಅಗುಳಲ್ಲ, ಬ್ಯಾಕ್ಟೀರಿಯಾಗಳ ಪದರ. ಅದರ ವಾಸನೆ ಹಿಡಿದು ರಕ್ತದಿಂದ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಓಡಿ ಬರುತ್ತವೆ. ಇವು ನಮ್ಮ ಸೈನಿಕರು. ಪ್ರತಿಯೊಬ್ಬನ ಚೀಲದಲ್ಲೂ ಎಂಎಂಪಿ-8 ಮೊದಲೇ ತಯಾರಾಗಿ, ಒರೆಯಲ್ಲಿಟ್ಟ ಹಾಗೆ ಇರುತ್ತದೆ. ಬ್ಯಾಕ್ಟೀರಿಯಾ ಇರುವ ಜಾಗಕ್ಕೆ ದಾರಿ ಮಾಡಿಕೊಳ್ಳಲು ಸೈನಿಕರು ಕತ್ತರಿ ಹೊರತೆಗೆಯುತ್ತಾರೆ. ಪಾಚಿಯನ್ನು ಬ್ರಷ್ ತೆಗೆದುಹಾಕಿದರೆ ಜಗಳ ಬೇಗ ಮುಗಿಯುತ್ತದೆ. ತೆಗೆಯದಿದ್ದರೆ ಸೈನಿಕರು ಬರುತ್ತಲೇ ಇರುತ್ತಾರೆ, ಕತ್ತರಿಯೂ ಆಡುತ್ತಲೇ ಇರುತ್ತದೆ. ಬ್ಯಾಕ್ಟೀರಿಯಾ ಪಾಚಿಯೊಳಗೆ ಭದ್ರವಾಗಿ ಕೂತಿರುತ್ತದೆ. ತುಂಡಾಗುವುದು ನಿಮ್ಮ ನಾರು.

ಬ್ಯಾಕ್ಟೀರಿಯಾದ ತಪ್ಪೇನೂ ಇಲ್ಲ ಅಂತಲ್ಲ. ಪೋರ್ಫಿರೋಮೋನಾಸ್ ಜಿಂಜಿವಾಲಿಸ್ ಎಂಬ ಒಂದು ಬ್ಯಾಕ್ಟೀರಿಯಾಗೆ ತನ್ನದೇ ಕತ್ತರಿಗಳಿವೆ, ಜಿಂಜಿಪೈನ್ ಅಂತ. ಅವು ಪ್ರೋಟೀನ್ ಕತ್ತರಿಸುವುದರ ಜೊತೆಗೆ, ನಮ್ಮ ಎಂಎಂಪಿಯ ಒರೆಯನ್ನೂ ಕಳಚಬಲ್ಲವು. ಆದರೆ ವಸಡಿನ ನಾರು ಕತ್ತರಿಸುವ ಹೆಚ್ಚಿನ ಕೆಲಸ ನಡೆಯುವುದು ನಮ್ಮ ಕಡೆಯ ಕತ್ತರಿಯಿಂದಲೇ. ಕತ್ತರಿ ಯಾರದ್ದು ಅನ್ನುವ ಪ್ರಶ್ನೆಗೆ ನೇರ ಉತ್ತರ ಅದು.

ಹಾಗಾದರೆ ಪಾಚಿ ಎಲ್ಲರ ಬಾಯಲ್ಲೂ ಇದೆ, ಎಲ್ಲರ ಹಲ್ಲೂ ಯಾಕೆ ಬೀಳುವುದಿಲ್ಲ? ನಿಮ್ಮ ಮನೆಯವರ ವಂಶದ ಮಾತು ಬರುವುದು ಇಲ್ಲೇ. ಇದಕ್ಕೆ ನಮ್ಮ ಪಕ್ಕದ ಶ್ರೀಲಂಕಾದ ಚಹಾ ತೋಟಗಳಲ್ಲಿ ನಡೆದ ಒಂದು ಅಧ್ಯಯನವಿದೆ, ನಾನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುವಂಥದ್ದು. ಹರಾಲ್ಡ್ ಲೋ ಎಂಬ ನಾರ್ವೆ ಮೂಲದ ವಿಜ್ಞಾನಿ ಮತ್ತು ಅವರ ಜೊತೆಯವರು 1970ರಿಂದ 15 ವರ್ಷ ಅಲ್ಲಿನ 480 ಗಂಡಸರ ಬಾಯಿ ನೋಡುತ್ತಾ ಬಂದರು. ಆ ಕೂಲಿಕಾರರಿಗೆ ಹಲ್ಲಿನ ಆರೈಕೆ ಅನ್ನೋದೇ ಇರಲಿಲ್ಲ. ಎಲ್ಲರ ಬಾಯಲ್ಲೂ ಪಾಚಿ, ಎಲ್ಲರ ವಸಡೂ ಕೆಂಪು. ಆದರೂ ಸುಮಾರು 8 ಶೇಕಡಾ ಜನರಿಗೆ ಕಾಯಿಲೆ ಓಡುತ್ತಾ ಹೋಗಿ ಹಲ್ಲು ಬೇಗ ಬಿದ್ದವು, 81 ಶೇಕಡಾ ಜನರಿಗೆ ನಿಧಾನವಾಗಿ ಸಾಗಿತು, 11 ಶೇಕಡಾ ಜನರಿಗೆ ವಸಡು ಕೆಂಪಾಗಿದ್ದು ಬಿಟ್ಟರೆ ಮುಂದಕ್ಕೆ ಹೋಗಲೇ ಇಲ್ಲ. ಪಾಚಿ ಒಂದೇ, ದೇಹ ಕೊಡುವ ಉತ್ತರ ಬೇರೆ ಬೇರೆ. ಅದರಲ್ಲಿ ವಂಶದ ಪಾಲು ಇದ್ದೇ ಇದೆ. ನಿಮ್ಮ ಅಮ್ಮನ ಹಲ್ಲು ಐವತ್ತಕ್ಕೆ ಹೋಗಿದ್ದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅಮ್ಮನಿಗೂ ಶುಗರ್ ಇತ್ತೇ? ಹೊಗೆಸೊಪ್ಪು ಹಾಕುತ್ತಿದ್ದರೇ? ಒಂದು ಸಲವಾದರೂ ಯಾರಾದರೂ ವಸಡಿನ ಆಳ ಅಳೆದಿದ್ದರೇ? ನಮ್ಮ ತಾಯಂದಿರ ಕಾಲದಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗೋದೇ ಕೀಳಿಸೋಕೆ. ಅವರಿಗೆ ಸಿಗದ ಚಿಕಿತ್ಸೆ ನಿಮಗೆ ಸಿಗುತ್ತಿದೆ.

ವಂಶಕ್ಕಿಂತ ನನ್ನನ್ನು ಜಾಸ್ತಿ ಚಿಂತೆಗೆ ಹಚ್ಚಿದ್ದು ನಿಮ್ಮ 8.6. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಾಗ ಅದು ಕೊಲಾಜೆನ್‌ಗೂ ಅಂಟಿಕೊಳ್ಳುತ್ತದೆ, ಹೊಸ ನೇಯ್ಗೆ ನಿಧಾನವಾಗುತ್ತದೆ. ಬಿಳಿ ರಕ್ತಕಣಗಳೂ ಕೆರಳಿದಂತೆ ವರ್ತಿಸುತ್ತವೆ, ಕತ್ತರಿ ಹೆಚ್ಚು ಹೊರಗೆ ಬರುತ್ತದೆ. ನಾವು ಈ ಕಾಯಿಲೆಯ ವೇಗ ಅಂದಾಜು ಮಾಡುವಾಗ ಎಚ್‌ಬಿಎ1ಸಿ 7 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ವೇಗವಾಗಿ ಸಾಗುವ ಗುಂಪಿಗೆ ಸೇರಿಸುತ್ತೇವೆ. ದಿನಕ್ಕೆ ಹತ್ತು ಸಿಗರೇಟು ಸೇದುವವರನ್ನೂ ಅದೇ ಗುಂಪಿಗೆ. ಇನ್ನೊಂದು ಕಡೆಯಿಂದ ನೋಡಿದರೆ, ನಿಮ್ಮ ವಸಡಿನ ಒಳಗಿನ ಉರಿಯೂತ ಶುಗರನ್ನೂ ಕೆಡಿಸುತ್ತಿದೆ. ಬಾಯಿ ತುಂಬ ಈ ಕಾಯಿಲೆ ಇರುವವರಲ್ಲಿ ವಸಡಿನೊಳಗಿನ ಹುಣ್ಣಾದ ಜಾಗವನ್ನೆಲ್ಲ ಬಿಡಿಸಿ ಹರಡಿದರೆ ಒಂದು ಬೆಂಕಿಪೊಟ್ಟಣದ ಮೈಯಷ್ಟಾಗಬಹುದು. ಕಾಲಿನ ಮೇಲೆ ಅಷ್ಟು ಅಗಲದ ಹುಣ್ಣು ಮೂರು ವರ್ಷ ಇದ್ದಿದ್ದರೆ ನೀವು ಸುಮ್ನೆ ಇರುತ್ತಿದ್ದಿರಾ? ಇದು ಕಣ್ಣಿಗೆ ಕಾಣುವುದಿಲ್ಲ, ನೋಯುವುದೂ ಇಲ್ಲ, ಅಷ್ಟೇ. ವಸಡಿನ ಚಿಕಿತ್ಸೆ ಸರಿಯಾಗಿ ಆದರೆ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುತ್ತದೆ ಅಂತ ಹಲವು ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದವರು ಹೇಳಿದ್ದಾರೆ. ಶುಗರ್ ಮಾತ್ರೆ ಬಿಡುವಷ್ಟಲ್ಲ, ಆದರೆ ಕಡಿಮೆಯೂ ಅಲ್ಲ.

ಈಗ ಕ್ಲೀನಿಂಗ್ ಮತ್ತು ನಿಮ್ಮ ನಾದಿನಿಯ ವಿಷಯ. ಈ ಮಾತು ನನಗೆ ವಾರಕ್ಕೆ ನಾಲ್ಕು ಸಲ ಕೇಳಿಬರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ಅಲ್ಲಾಡಿದ್ದು ನಿಜ, ಆದರೆ ಕಾರಣ ಬೇರೆ.

ಕೆಲವು ವರ್ಷದ ಹಿಂದೆ ಒಬ್ಬ ರೈತರು ಬಂದಿದ್ದರು. ಕೆಳಗಿನ ಮುಂದಿನ ನಾಲ್ಕು ಹಲ್ಲಿನ ಹಿಂಭಾಗ ಒಂದೇ ಗೋಡೆಯಂತೆ ಕಿಟ್ಟ ಕಟ್ಟಿತ್ತು. ನಾಲಿಗೆ ಕೆಳಗಿನ ಎಂಜಲಿನ ನಾಳ ಅಲ್ಲೇ ತೆರೆಯುವುದರಿಂದ ಅದರ ಖನಿಜ ಪಾಚಿಯನ್ನು ಗಟ್ಟಿ ಮಾಡುವುದು ಅಲ್ಲೇ ಜಾಸ್ತಿ. ಮೆಷಿನ್ ಇಟ್ಟು ಒಂದು ನಿಮಿಷ ಆಗಿರಲಿಲ್ಲ, ‘ಟಕ್’ ಅಂತ ಸದ್ದಾಗಿ ಒಂದು ಚೂರು ನಾಲಿಗೆ ಮೇಲೆ ಬಿತ್ತು. ಅವರು ನನ್ನ ಕೈ ಹಿಡಿದುಕೊಂಡರು. ‘ಮೇಡಂ, ಹಲ್ಲು ಮುರೀತು!’ ನಾನು ಆ ಚೂರನ್ನು ತೊಳೆದು ಅವರ ಅಂಗೈಗೆ ಹಾಕಿದೆ. ಹೊರಮೈ ಹಳದಿ, ಒರಟು. ತಿರುಗಿಸಿ ನೋಡಿದರೆ ಒಳಮೈಯಲ್ಲಿ ಹಲ್ಲಿನ ಅಚ್ಚು ಒತ್ತಿದಂತೆ ನುಣುಪಾದ ಗುಳಿ. ವಸಡಿನ ಕೆಳಗಿದ್ದ ಅಂಚು ಹಸಿರು ಮಿಶ್ರಿತ ಕಪ್ಪು. ಕನ್ನಡಿಯಲ್ಲಿ ಅವರ ಹಲ್ಲು ಪೂರ್ತಿ ಹಾಗೇ ಇತ್ತು. ಆದರೆ ನಾಲ್ಕೂ ಹಲ್ಲು ಸ್ವಲ್ಪ ಅಲ್ಲಾಡುತ್ತಿದ್ದವು. ಮೂಳೆ ಎಂದೋ ಕರಗಿತ್ತು, ಆ ಕಿಟ್ಟ ಗಾರೆ ಮೆತ್ತಿದ ಹಾಗೆ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿತ್ತು. ಗಾರೆ ಹೋಯಿತು, ಒಳಗಿನ ಸ್ಥಿತಿ ಗೊತ್ತಾಯಿತು.

ನಿಮಗೂ ಕ್ಲೀನಿಂಗ್ ಆದ ಮೇಲೆ ಒಂದೆರಡು ವಾರ ಹೀಗೆ ಅನ್ನಿಸಬಹುದು. ಊತ ಇಳಿದಾಗ ವಸಡು ಕುಗ್ಗುತ್ತದೆ, ಹಲ್ಲಿನ ಸಂದು ದೊಡ್ಡದಾಗಿ ಕಾಣುತ್ತದೆ, ತಣ್ಣೀರು ಜುಂ ಅನ್ನುತ್ತದೆ. ಇದನ್ನು ಮೊದಲೇ ಹೇಳದೆ ಕಳಿಸಿದರೆ ಯಾರಾದರೂ ‘ಕ್ಲೀನಿಂಗ್‌ನಿಂದ ಹಲ್ಲು ಕೆಟ್ಟಿತು’ ಅಂತಲೇ ಅಂದುಕೊಳ್ಳುತ್ತಾರೆ. ತಪ್ಪು ನಮ್ಮ ವೃತ್ತಿಯವರದ್ದು. ಆಮೇಲೆ ಮೂರು ತಿಂಗಳಲ್ಲಿ ನಾರು ಮತ್ತೆ ಬಿಗಿಯಾಗುತ್ತಾ ಬಂದಂತೆ ಅಲ್ಲಾಡುವುದು ಎಷ್ಟೋ ಜನಕ್ಕೆ ಕಡಿಮೆಯಾಗುತ್ತದೆ.

ನಿಮಗೆ ಹೇಳಿರುವುದು ಬರೀ ಮೇಲಿನ ಪಾಲಿಷ್ ಅಲ್ಲ. ಆರೋಗ್ಯವಂತ ವಸಡಿನ ಬುಡದಲ್ಲಿ ಆ ಅಳತೆ ಕಡ್ಡಿ 1ರಿಂದ 3 ಮಿಲಿಮೀಟರ್ ಇಳಿಯುತ್ತದೆ, ಅಲ್ಲಿಗೆ ನಿಲ್ಲುತ್ತದೆ, ಬಿಗಿಯಾಗಿ. ನಾರು ತುಂಡಾಗಿರುವ ಕಡೆ ಅದು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದುಹೋಗುತ್ತದೆ, ಹಿಂದೆಯೇ ರಕ್ತದ ಒಂದು ಹನಿ ಏರಿ ಬರುತ್ತದೆ. ವಸಡಿಗೂ ಹಲ್ಲಿಗೂ ನಡುವೆ ಹೀಗೆ ಬಿಟ್ಟ ಸಂದಿಗೆ ನಾವು ಜೇಬು ಅಂತೇವೆ. 7 ಮಿಲಿಮೀಟರ್ ಆಳದ ಜೇಬಿನೊಳಗೆ ಬ್ರಷ್ ಹೋಗುವುದಿಲ್ಲ, ಬಾಯಿ ಮುಕ್ಕಳಿಸುವ ನೀರೂ ಹೋಗುವುದಿಲ್ಲ. ಬೇರಿನ ಮೇಲೆ ಅಂಟಿರುವುದನ್ನು ಕೈ ಉಪಕರಣದಿಂದಲೋ ಮೆಷಿನ್‌ನಿಂದಲೋ ಕೆರೆದೇ ತೆಗೆಯಬೇಕು. ಅದಕ್ಕೇ ಇಂಜೆಕ್ಷನ್, ಅದಕ್ಕೇ ನಾಲ್ಕು ಸಲ. ನಿಮ್ಮ ಡಾಕ್ಟರು ಸರಿಯಾದ ದಾರಿಯಲ್ಲೇ ಇದ್ದಾರೆ.

ಇನ್ನು ಡಾಕ್ಸಿಸೈಕ್ಲಿನ್ ಮಾತ್ರೆ. ಇದರ ಕಥೆ ಸ್ವಾರಸ್ಯವಾಗಿದೆ. 1983ರಲ್ಲಿ ನ್ಯೂಯಾರ್ಕಿನ ಸ್ಟೋನಿ ಬ್ರೂಕ್‌ನಲ್ಲಿ ಲಾರ್ನ್ ಗೋಲಬ್ ಮತ್ತು ಅವರ ತಂಡ ಶುಗರ್ ಬರಿಸಿದ ಇಲಿಗಳ ವಸಡು ಪರೀಕ್ಷಿಸುತ್ತಿದ್ದರು. ಬ್ಯಾಕ್ಟೀರಿಯಾವೇ ಇಲ್ಲದಂತೆ ಸಾಕಿದ ಇಲಿಗಳಲ್ಲೂ ವಸಡಿನ ಕೊಲಾಜೆನ್ ಕತ್ತರಿ ಹೆಚ್ಚಾಗಿತ್ತು. ಟೆಟ್ರಾಸೈಕ್ಲಿನ್ ಜಾತಿಯ ಮಿನೋಸೈಕ್ಲಿನ್ ಕೊಟ್ಟಾಗ ಅದು ಇಳಿಯಿತು. ಕೊಲ್ಲಲು ಬ್ಯಾಕ್ಟೀರಿಯಾ ಇಲ್ಲದ ಕಡೆ ಆಂಟಿಬಯೋಟಿಕ್ ಏನು ಮಾಡಿತು? ಕತ್ತರಿಯನ್ನೇ ಹಿಡಿಯಿತು. ಈ ಔಷಧಿಗಳು ಎಂಎಂಪಿಯ ಸತು, ಕ್ಯಾಲ್ಸಿಯಂಗೆ ಅಂಟಿಕೊಳ್ಳುತ್ತವೆ. ಆಮೇಲೆ ಡಾಕ್ಸಿಸೈಕ್ಲಿನ್‌ನ ಬಹಳ ಸಣ್ಣ ಪ್ರಮಾಣ, 20 ಎಂ.ಜಿ., ಇದೇ ಕೆಲಸಕ್ಕೆ ಅಂತ ತಯಾರಾಯಿತು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 1998ರಲ್ಲಿ ಒಪ್ಪಿಗೆ ಕೊಟ್ಟಿತು, ಅದೂ ಒಳಗಿನ ಕ್ಲೀನಿಂಗ್ ಜೊತೆಗೆ ಮಾತ್ರ. ಜ್ವರಕ್ಕೋ ಸೋಂಕಿಗೋ ಕೊಡುವ ಡಾಕ್ಸಿಸೈಕ್ಲಿನ್ 100 ಎಂ.ಜಿ. ನಿಮಗೆ ಬರೆದಿರುವ ಪ್ರಮಾಣ ರಕ್ತದಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಮಟ್ಟಕ್ಕೆ ಏರುವುದೇ ಇಲ್ಲ. ಹಾಗಾಗಿ ನಿಮ್ಮ ಮಾತ್ರೆಯನ್ನು ಮೂರು ತಿಂಗಳ ಆಂಟಿಬಯೋಟಿಕ್ ಕೋರ್ಸ್ ಅಂತ ನೋಡಬೇಡಿ. ಕಿಡ್ನಿಯ ವಿಷಯದಲ್ಲೂ ಇಡೀ ಟೆಟ್ರಾಸೈಕ್ಲಿನ್ ಜಾತಿಯಲ್ಲಿ ಡಾಕ್ಸಿಸೈಕ್ಲಿನ್ ಹೆಚ್ಚು ನಿರಾತಂಕದ್ದು, ಕರುಳಿನ ದಾರಿಯಿಂದಲೂ ಹೊರಹೋಗುತ್ತದೆ. ಆದರೂ ಶುಗರ್ ಇರುವವರು ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ವರ್ಷಕ್ಕೊಮ್ಮೆ ನೋಡಿಸಲೇಬೇಕು, ಈ ಮಾತ್ರೆ ಇರಲಿ ಬಿಡಲಿ.

ಅಪಾಯ ಇಲ್ಲ ಅಂತ ಹೇಳುವುದಿಲ್ಲ. ಬಿಸಿಲಿಗೆ ಚರ್ಮ ಬೇಗ ಸುಡಬಹುದು. ಮಾತ್ರೆಯನ್ನು ಒಂದು ಗುಟುಕು ನೀರಲ್ಲಿ ನುಂಗಿ ಮಲಗಿಬಿಟ್ಟರೆ ಅನ್ನನಾಳದಲ್ಲೇ ಸಿಕ್ಕಿ ಹುಣ್ಣಾಗಬಹುದು. ಒಂದು ಲೋಟ ನೀರು ಕುಡಿಯಿರಿ, ಅರ್ಧ ಗಂಟೆ ಮಲಗಬೇಡಿ. ಹಾಲು, ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ, ಹುಳಿತೇಗಿನ ಔಷಧಿಯ ಜೊತೆಗೆ ತಗೊಂಡರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ, ನಡುವೆ ಎರಡು ಮೂರು ಗಂಟೆ ಬಿಡಿ. ಬಸುರಿಯರು, ಹಾಲೂಡಿಸುವವರು, ಸಣ್ಣ ಮಕ್ಕಳು ಇದನ್ನು ತಗೊಳ್ಳಬಾರದು. ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವವರು ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು. ಇನ್ನೊಂದು ಮಾತು, ದಯವಿಟ್ಟು ಗಮನಿಸಿ: ಮೆಡಿಕಲ್ ಸ್ಟೋರಿನಲ್ಲಿ ‘20 ಇಲ್ಲ, 100 ಇದೆ, ಅದೇ ಔಷಧಿ’ ಅಂದರೆ ತಗೋಬೇಡಿ. ಮೂರು ತಿಂಗಳು 100 ನುಂಗುವುದು ಪೂರ್ತಿ ಬೇರೆ ವಿಷಯ.

ಇಷ್ಟಾಗಿ ಈ ಮಾತ್ರೆಯಿಂದ ಎಷ್ಟು ಲಾಭ? ಇಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಅಮೆರಿಕದ ದಂತ ವೈದ್ಯರ ಸಂಘದ 2015ರ ಮಾರ್ಗಸೂಚಿ ಇದನ್ನು ಕ್ಲೀನಿಂಗ್ ಜೊತೆಗೆ ಕೊಡಬಹುದು ಅಂತ ಹೇಳಿತು. ಬರೀ ಕ್ಲೀನಿಂಗ್‌ನಿಂದ ವಸಡಿನ ಹಿಡಿತ ಸರಾಸರಿ ಅರ್ಧ ಮಿಲಿಮೀಟರ್ ವಾಪಸ್ ಬಂದರೆ, ಮಾತ್ರೆ ಸೇರಿಸಿದಾಗ ಇನ್ನೊಂದು 0.35 ಮಿಲಿಮೀಟರ್. ಯುರೋಪಿನ ತಜ್ಞರು 2020ರಲ್ಲಿ ಇದೇ ಮಾತ್ರೆಯನ್ನು ಮಾಮೂಲಿಯಾಗಿ ಕೊಡಬೇಡಿ ಅಂದರು. ನನ್ನ ಅನುಭವದಲ್ಲಿ, ಕ್ಲೀನಿಂಗ್ ಸರಿಯಾಗಿ ಆಗಿ, ಮನೆಯಲ್ಲಿ ಹಲ್ಲು ಸರಿಯಾಗಿ ಉಜ್ಜಿ, ಶುಗರ್ ಇಳಿದರೆ ಬಹಳಷ್ಟು ಜನಕ್ಕೆ ಮಾತ್ರೆ ಬೇಕಾಗುವುದಿಲ್ಲ. ನಾನಾಗಿದ್ದರೆ ನಿಮಗೆ ಮೊದಲು ಕ್ಲೀನಿಂಗ್ ಮುಗಿಸಿ, ಎರಡು ಮೂರು ತಿಂಗಳು ಬಿಟ್ಟು ಮತ್ತೆ ಅಳೆದು, ಆಗ ಯೋಚಿಸುತ್ತಿದ್ದೆ. ಆದರೆ ಶುಗರ್ ಹೆಚ್ಚಿದೆ, ಜೇಬು ಆಳವಿದೆ ಅಂತ ನಿಮ್ಮ ಡಾಕ್ಟರು ಮೊದಲೇ ಕೊಟ್ಟಿರುವುದನ್ನು ತಪ್ಪು ಅನ್ನಲಾರೆ. ಅವರನ್ನೇ ಕೇಳಿ: ‘ಇದು ಈಗಲೇ ಬೇಕಾ, ಕ್ಲೀನಿಂಗ್ ಆದ ಮೇಲೆ ನೋಡೋಣವಾ?’ ಒಳ್ಳೆಯ ಡಾಕ್ಟರಿಗೆ ಆ ಪ್ರಶ್ನೆ ಬೇಸರ ತರುವುದಿಲ್ಲ. ಮಾಡಬಾರದ್ದು ಒಂದೇ, ಕ್ಲೀನಿಂಗ್ ಬಿಟ್ಟು ಮಾತ್ರೆ ಮಾತ್ರ ನುಂಗುವುದು. ಸೈನಿಕರನ್ನು ಕರೆಯುತ್ತಿರುವ ಪಾಚಿ ಅಲ್ಲೇ ಇದ್ದರೆ ಕತ್ತರಿ ಮೊಂಡು ಮಾಡಿ ಏನು ಪ್ರಯೋಜನ?

ಹಾಗಂತ ಕತ್ತರಿಯನ್ನು ಪೂರ್ತಿ ನಿಲ್ಲಿಸುವ ಔಷಧಿ ಯಾಕಿಲ್ಲ ಅಂತ ಕೇಳುವವರಿದ್ದಾರೆ. ಕ್ಯಾನ್ಸರಿಗೆ ಅಂತ ಎಂಎಂಪಿಗಳನ್ನು ಗಟ್ಟಿಯಾಗಿ ತಡೆಯುವ ಮಾರಿಮಾಸ್ಟಾಟ್ ಎಂಬ ಔಷಧಿ ಪ್ರಯತ್ನಿಸಿದ್ದರು, ರೋಗಿಗಳಿಗೆ ಕೀಲು-ಸ್ನಾಯುಗಳ ನೋವು ಬಂತು, ಹೆಚ್ಚಿನ ಲಾಭವೂ ಆಗಲಿಲ್ಲ. ಎಂಎಂಪಿ-8 ಇಲ್ಲದಂತೆ ಹುಟ್ಟಿಸಿದ ಇಲಿಗಳ ಬಾಯಿಗೆ ಆ ಜಿಂಜಿವಾಲಿಸ್ ಬ್ಯಾಕ್ಟೀರಿಯಾ ಹಾಕಿದಾಗ ಅವುಗಳ ದವಡೆ ಮೂಳೆ ಇನ್ನೂ ಜಾಸ್ತಿ ಕರಗಿತು. ಕತ್ತರಿ ಅಳತೆಯಲ್ಲಿರಬೇಕು, ಆದರೆ ಇರಲೇಬೇಕು.

ಎಲ್ಲಾ ಕೀಳಿಸಿ ಸೆಟ್ ಹಾಕಿಸುವ ಸಲಹೆಗೆ ನನ್ನ ಉತ್ತರ ಸ್ಪಷ್ಟ: ಈಗ ಬೇಡ. 5, 6 ಮಿಲಿಮೀಟರ್ ಜೇಬಿನ ಹಲ್ಲುಗಳನ್ನು ಹತ್ತು, ಹದಿನೈದು ವರ್ಷ ಉಳಿಸಿಕೊಂಡವರು ನನ್ನ ಹತ್ತಿರ ತುಂಬ ಜನ ಇದ್ದಾರೆ. 7 ಇರುವ ಕಡೆ ಕ್ಲೀನಿಂಗ್ ಆದ ಮೇಲೂ ಆಳ ಉಳಿದರೆ ವಸಡು ಬಿಡಿಸಿ ನೋಡಿಕೊಂಡು ತೆಗೆಯುವ ಸಣ್ಣ ಆಪರೇಷನ್ ಇದೆ, ಫ್ಲ್ಯಾಪ್ ಅಂತಾರೆ. ಅದಕ್ಕೆ ಶುಗರ್ ಹತೋಟಿಗೆ ಬಂದಿರಬೇಕು, ಇಲ್ಲದಿದ್ದರೆ ಗಾಯ ಮಾಯುವುದು ತಡ. ಕೀಳಿಸಿದರೆ ದವಡೆ ಮೂಳೆ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ, ಕೆಳಗಿನ ಸೆಟ್ ಸಡಿಲವಾಗುತ್ತಾ ಹೋಗುತ್ತದೆ. ರಾಗಿ ಮುದ್ದೆ ನುಂಗಬಹುದು, ಕಡ್ಲೆಕಾಯಿ ಕನಸೇ. ಇಂಪ್ಲಾಂಟ್, ಅಂದರೆ ಮೂಳೆಗೆ ಕೂರಿಸುವ ಲೋಹದ ಬೇರು, ಹಾಕಿಸಿದರೆ ಎಲ್ಲಾ ಮುಗಿಯಿತು ಅಂತಲೂ ಅಲ್ಲ. ಪಾಚಿ ಟೈಟಾನಿಯಂ ಮೇಲೂ ಕೂರುತ್ತದೆ, ಸೈನಿಕರು ಅಲ್ಲಿಗೂ ಬರುತ್ತಾರೆ, ಅದೇ ಎಂಎಂಪಿ-8 ಅಲ್ಲೂ ಮೂಳೆಯ ಸುತ್ತ ಕೆಲಸ ಮಾಡುತ್ತದೆ. ವಸಡಿನ ಕಾಯಿಲೆಯಿಂದ ಹಲ್ಲು ಕಳೆದುಕೊಂಡವರ ಇಂಪ್ಲಾಂಟ್‌ಗೆ ಆ ಅಪಾಯ ಬೇರೆಯವರಿಗಿಂತ ಜಾಸ್ತಿ.

ಅತ್ತೆಯವರ ಪಟಿಕದ ಮಾತು. ಪಟಿಕ ಒಗರು, ವಸಡಿನ ಮೇಲ್ಮೈ ಬಿಗಿದು ರಕ್ತ ಒಂದಷ್ಟು ನಿಲ್ಲುತ್ತದೆ, ಅದಕ್ಕೇ ವಾಸಿಯಾಯಿತು ಅನ್ನಿಸುತ್ತದೆ. ಜೇಬಿನೊಳಗೆ ಏನೂ ಬದಲಾಗುವುದಿಲ್ಲ. ಪುಡಿ ಹಾಕಿ ಬೆರಳಲ್ಲಿ ಒತ್ತಿ ತಿಕ್ಕಿದರೆ ವಸಡು ಕೆಳಗಿಳಿದ ಕಡೆಯ ಬೇರು ಸವೆಯುತ್ತದೆ. ಉಗುರು ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿದರೆ ತೊಂದರೆಯಿಲ್ಲ, ಕ್ಲೀನಿಂಗ್ ಆದ ದಿನಗಳಲ್ಲಿ ಹಿತವಾಗಿರುತ್ತದೆ. ಅತ್ತೆಯ ಮನಸ್ಸು ನೋಯಿಸದೆ ಅಷ್ಟನ್ನು ಒಪ್ಪಿಕೊಳ್ಳಿ. ಕ್ಲೋರ್‌ಹೆಕ್ಸಿಡಿನ್ ಅನ್ನುವ ಮೌತ್‌ವಾಶ್ ಬರೆದುಕೊಟ್ಟರೆ ಎರಡು ವಾರಕ್ಕೆ ನಿಲ್ಲಿಸಿ. ಜಾಸ್ತಿ ದಿನ ಬಳಸಿದರೆ ಹಲ್ಲು ಕಂದಾಗುತ್ತದೆ, ನಾಲಿಗೆ ರುಚಿ ಕೆಡುತ್ತದೆ.

ರಕ್ತ ಬರುವ ಕಡೆ ಬ್ರಷ್ ಮಾಡುವುದನ್ನು ಬಿಡುವವರೇ ಹೆಚ್ಚು. ನೀವೂ ಬಿಟ್ಟಿದ್ದರೆ ಇವತ್ತಿಂದ ಶುರು ಮಾಡಿ. ರಕ್ತ ಬರುತ್ತದೆ ಅಂದರೆ ಅಲ್ಲಿ ಪಾಚಿ ಇದೆ, ಬ್ರಷ್ ಅಲ್ಲಿಗೇ ಹೋಗಬೇಕು. 1965ರಲ್ಲಿ ಅದೇ ಹರಾಲ್ಡ್ ಲೋ ಡೆನ್ಮಾರ್ಕಿನಲ್ಲಿ 12 ಜನ ಆರೋಗ್ಯವಂತರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಿ ಅಂದರು. ಹತ್ತರಿಂದ ಇಪ್ಪತ್ತೊಂದು ದಿನದೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರಕ್ಕೆ ಸರಿಹೋಯಿತು. ನಿಮ್ಮದು ಆ ಹಂತ ದಾಟಿದೆ, ಒಂದು ವಾರಕ್ಕೆ ಆಗುವುದಿಲ್ಲ, ಆದರೆ ದಾರಿ ಅದೇ. ಮೆತ್ತನೆ ಬ್ರಷ್, ಎಳೆಗಳು ವಸಡಿನ ಅಂಚಿಗೆ ಓರೆಯಾಗಿ ಕೂರುವಂತೆ, ಸಣ್ಣ ಸಣ್ಣ ಅಲುಗಾಟ. ಹಲ್ಲಿನ ಸಂದಿಗೆ ಪುಟ್ಟ ಬಾಟಲಿ ಬ್ರಷ್‌ನಂಥದ್ದು ಸಿಗುತ್ತದೆ, ಇಂಟರ್‌ಡೆಂಟಲ್ ಬ್ರಷ್ ಅಂತ ಕೇಳಿ. ಯಾವ ಅಳತೆಯದ್ದು ಬೇಕು ಅಂತ ಡಾಕ್ಟರೇ ಹಾಕಿ ತೋರಿಸಬೇಕು. ರಾತ್ರಿ ಮಲಗುವ ಮುಂಚೆ ಒಂದು ಸಲ, ಅದು ತಪ್ಪಬಾರದು.

ಕ್ಲೀನಿಂಗ್‌ಗೆ ಬೆಳಿಗ್ಗೆ ಹೊತ್ತು ತಗೊಳ್ಳಿ. ತಿಂಡಿ ತಿಂದು, ಶುಗರ್ ಮಾತ್ರೆ ನುಂಗಿಯೇ ಹೋಗಿ. ಖಾಲಿ ಹೊಟ್ಟೆಯಲ್ಲಿ ಕುರ್ಚಿಯಲ್ಲಿ ಕೂತು ಸಕ್ಕರೆ ಇಳಿದು ಬೆವರಿದವರನ್ನು ನೋಡಿದ್ದೇನೆ. ಬಿಪಿಗೆ ಆಮ್ಲೋಡಿಪಿನ್ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ, ಕೆಲವರಿಗೆ ಅದರಿಂದ ವಸಡು ಗಂಟುಗಂಟಾಗಿ ಬೆಳೆಯುತ್ತದೆ. ಅಲ್ಲಿ ನಡೆಯುವುದರಲ್ಲಿ ಒಂದು ಭಾಗ ಇದಕ್ಕೆ ತದ್ವಿರುದ್ಧ, ಹಳೆಯ ಕೊಲಾಜೆನ್ ತೆಗೆಯುವ ಕೆಲಸವೇ ಕಡಿಮೆಯಾಗುತ್ತದೆ. ನಡುವೆ ಯಾವತ್ತಾದರೂ ವಸಡು ಊದಿ ಕೀವು ಬಂದರೆ, ಜ್ವರ ಬಂದರೆ, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಅದೇ ದಿನ ಹೋಗಿ. ಶುಗರ್ ಇರುವವರಿಗೆ ಅದು ಬೇಗ ಹರಡುತ್ತದೆ. ಖರ್ಚಿನ ಚಿಂತೆ ಇದ್ದರೆ ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲಿ ವಸಡಿಗೇ ಬೇರೆ ವಿಭಾಗ ಇದೆ. ಶಿಡ್ಲಘಟ್ಟದಿಂದ ಬೆಳಿಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದೊಳಗೆ ಕೆಲಸ ಮುಗಿಸಿ ಹೊರಡಬಹುದು.

ಡಾಕ್ಟರು ಅಳೆದು ಬರೆದ ಸಂಖ್ಯೆಗಳ ಹಾಳೆಯ ಒಂದು ಪ್ರತಿ ಕೇಳಿ ಪಡೆದುಕೊಳ್ಳಿ, ಶುಗರ್ ರಿಪೋರ್ಟಿನ ಜೊತೆಗೇ ಇಡಿ. ಮಗಳನ್ನೂ ಒಂದು ಸಲ ಕರೆದುಕೊಂಡು ಹೋಗಿ ಅಳೆಸಿ, ನಿಮ್ಮ ಮನೆಯ ಇತಿಹಾಸ ಅವಳಿಗೂ ಸೇರಿದ್ದೇ. ಕ್ಲೀನಿಂಗ್ ಮುಗಿದು ಮೂರು ತಿಂಗಳಿಗೆ ಮತ್ತೆ ಅಳೆಸಿದ ಮೇಲೆ ನನಗೆ ಬರೆಯಿರಿ. ಎಚ್‌ಬಿಎ1ಸಿ ಎಷ್ಟಾಯಿತು, ಆ 7 ಮಿಲಿಮೀಟರ್ ಇದ್ದ ಜಾಗ ಈಗ ಎಷ್ಟಿದೆ, ಎರಡನ್ನೂ ಬರೆಯಿರಿ. ಮಾತ್ರೆ, ಆಪರೇಷನ್ ಬೇಕೋ ಬೇಡವೋ ಅನ್ನುವುದನ್ನು ಆ ಎರಡು ಸಂಖ್ಯೆ ನೋಡಿ ಮಾತಾಡೋಣ.